ಪ್ಯಾಕೆಟ್ಟನ್ನು ಬೆಟ್ಟ ಹತ್ತಿಸದ ನನ್ನ ಅನುಭವ

"ಕಸ ವಾಪಸ್ ತನ್ನಿ" ಅಂತ ಹೇಳಿದರೆ ಸಾಲದು, ಕಸ ಆಗುವ ವಸ್ತುವನ್ನೇ ಬೆಟ್ಟದ ಬುಡದಲ್ಲಿ ಬಿಟ್ಟು ಹೋಗಬೇಕು. ಬೆಂಗಳೂರಿನಿಂದ ಜನರನ್ನು ಬೆಟ್ಟಕ್ಕೆ ಕರೆದೊಯ್ಯುವ ನಾನು ಇದನ್ನು ಹೇಳಿದಾಗ, ನನ್ನ ಹಾಗೇ ಟ್ರೆಕ್ ಲೀಡರ್ ಆಗಿರುವ ಗೆಳೆಯರು ಒಬ್ಬರೂ ಒಪ್ಪಲಿಲ್ಲ. "ದುಡ್ಡು ಕೊಟ್ಟು ಬಂದವರ ಬ್ಯಾಗ್ ಬಿಚ್ಚಿಸ್ತೀಯಾ? ಮುಂದಿನ ಸಲ ಒಬ್ಬರೂ ಬರಲ್ಲ ಗುರು" ಅಂದರು. ಕಳೆದ ಸೀಸನ್ ಪೂರ್ತಿ ಬಿಚ್ಚಿಸಿದ್ದೇನೆ. ಸೀಟೂ ತುಂಬಿದೆ, ಬೆಟ್ಟದ ಮೇಲೆ ನಮ್ಮ ಗುಂಪಿನ ಒಂದು ಚೂರೂ ಉಳಿದಿಲ್ಲ.

ನಾನು ಜಾಸ್ತಿ ಹೋಗುವುದು ಕುಮಾರ ಪರ್ವತಕ್ಕೆ, ಕುಕ್ಕೆ ಕಡೆಯಿಂದ. 1,712 ಮೀಟರ್. ದಾರಿ ಹೀಗೆ: ಮೊದಲು ಕಾಡು, ಆಮೇಲೆ ಚಾರಣಿಗರಿಗೆ ಊಟ ಹಾಕುವ ಭಟ್ಟರ ಮನೆ, ಗಿರಿಗದ್ದೆಯಲ್ಲಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್, ಕಲ್ಲುಮಂಟಪ, ಶೇಷ ಪರ್ವತ, ಕೊನೆಗೆ ತುದಿ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಅಲ್ಲಿ ಎಂಥ ಜಾತ್ರೆ ಸೇರಿತ್ತು ಅಂತ ವಿಡಿಯೋಗಳಲ್ಲಿ ನೋಡಿರುತ್ತೀರಿ. ಅದಾದ ಮೇಲೇ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದೆ ಬಿಡುವುದಿಲ್ಲ ಅಂದದ್ದು. ಮೇಲೆ ಟೆಂಟ್ ಹಾಕುವ ಹಾಗೂ ಇಲ್ಲ. ಅದು ಸರಿಯೇ. ನಾವು ಹಿಂದಿನ ರಾತ್ರಿ ಸುಬ್ರಹ್ಮಣ್ಯದ ಹತ್ತಿರ ಗೆಳೆಯನ ಅಡಿಕೆ ತೋಟದಲ್ಲಿ ಟೆಂಟ್ ಹಾಕುತ್ತೇವೆ. ನನ್ನ ಪದ್ಧತಿಗೆ ಈ ರಾತ್ರಿಯೇ ಮುಖ್ಯ.

ಮೊದಲು ಡೆಪಾಸಿಟ್ ಇಟ್ಟು ನೋಡಿದೆ. ತಲೆಗೆ ₹200. ಕವರ್ ಎಣಿಸಿ ವಾಪಸ್ ಕೊಟ್ಟರೆ ದುಡ್ಡು ವಾಪಸ್. ಸುಸ್ತಾದ ಹುಡುಗರು "ಇನ್ನೂರು ತಾನೇ, ಇಟ್ಕೊಳ್ಳಿ ಸಾರ್" ಅಂದುಬಿಟ್ಟರು. ಕಸಕ್ಕೆ ಬೆಲೆ ಕಟ್ಟಿದ ಹಾಗಾಯಿತು. ಆಮೇಲೆ ಊರಿನ ಇಬ್ಬರು ಹುಡುಗರನ್ನು ಗೋಣಿಚೀಲ ಕೊಟ್ಟು ಹಿಂದೆ ಕಳಿಸಿದೆ. ಒಂದು ಸಲಕ್ಕೆ ಸಾವಿರದ ಐನೂರು ಖರ್ಚು. ಹಿಂದೆ ಆರಿಸುವವರು ಬರ್ತಿದ್ದಾರೆ ಅಂತ ಗೊತ್ತಾದ ಕೂಡಲೇ ಮುಂದಿನವರು ಇನ್ನೂ ಧಾರಾಳವಾಗಿ ಬಿಸಾಡಿದರು. ಆ ಚೀಲವನ್ನು ನಮ್ಮ ಟೆಂಪೋ ಟ್ರಾವೆಲರ್‌ನಲ್ಲಿ ಬೆಂಗಳೂರಿಗೆ ತಂದರೆ ಗುಜರಿಯವನು ಬಾಟಲಿ ಮಾತ್ರ ತೆಗೆದುಕೊಂಡ. ಒಳಗೆ ಬೆಳ್ಳಿ ಬಣ್ಣ ಇರುವ ಚಿಪ್ಸ್ ಕವರ್ ಯಾರಿಗೂ ಬೇಡ. ಆ ಸೀಸನ್‌ನಲ್ಲಿ ಕೈಯಿಂದ ಹತ್ತು ಹನ್ನೆರಡು ಸಾವಿರ ಹೋಗಿರಬೇಕು.

ಕವರ್ ಅನ್ನು ಪ್ರಾಮಾಣಿಕವಾಗಿ ಜೇಬಿಗೆ ಹಾಕಿಕೊಳ್ಳುವವರೂ ಒಂದು ಬಿಟ್ಟು ಬರುತ್ತಾರೆ. ಪ್ಯಾಕೆಟ್ ಹರಿಯುವಾಗ ಹಲ್ಲಿನಲ್ಲಿ ಕಚ್ಚಿ ಕೀಳುತ್ತೇವಲ್ಲ, ಆ ಮೂಲೆ. ಉಗುರಿನಷ್ಟು ಉದ್ದದ ತುಂಡು. ಅದು ಹುಲ್ಲಿನಲ್ಲಿ ಬೀಳುತ್ತದೆ, ಯಾರಿಗೂ ಕಾಣುವುದಿಲ್ಲ. ಒಮ್ಮೆ ಕಲ್ಲುಮಂಟಪದ ಹತ್ತಿರ ಕೂತು ಬರೀ ಮೂಲೆಗಳನ್ನೇ ಆರಿಸಿದೆ. ಹದಿನೈದು ನಿಮಿಷದಲ್ಲಿ ಬೊಗಸೆ ತುಂಬಿತು. ಕೆಂಪು, ಹಸಿರು, ನೀಲಿ. ಅವತ್ತೇ ನಿರ್ಧಾರ ಮಾಡಿದೆ, ಪ್ಯಾಕೆಟ್ ಮೇಲೆ ಹೋಗುವುದೇ ಬೇಡ.

ಈಗ ತೋಟದಲ್ಲಿ ರಾತ್ರಿ ಊಟಕ್ಕೆ ಮೊದಲು ಚಾಪೆ ಹಾಸಿ ಎಲ್ಲರ ತಿಂಡಿಯನ್ನೂ ಹೊರಗೆ ಇಡಿಸುತ್ತೇನೆ. ಬಿಸ್ಕೆಟ್, ಚಿಪ್ಸ್, ಚಾಕೊಲೇಟ್ ಎಲ್ಲ ಅಲ್ಲೇ ಬಿಚ್ಚಿ ಬಟ್ಟೆ ಚೀಲಕ್ಕೆ. ಓಆರ್‌ಎಸ್ ಪುಡಿಯನ್ನು ಬೆಳಗ್ಗೆ ಹೊರಡುವ ಮುಂಚೆಯೇ ಬಾಟಲಿಯಲ್ಲಿ ಕಲಸುತ್ತೇವೆ. ನಮ್ಮ ಕಡೆಯಿಂದ ಕೋಡುಬಳೆ, ನಿಪ್ಪಟ್ಟು, ಶೇಂಗಾ ಚಿಕ್ಕಿ, ಎಳ್ಳುಂಡೆ. ಕಾಂಡಿಮೆಂಟ್ಸ್ ಅಂಗಡಿಗೆ ನಮ್ಮ ಡಬ್ಬ ಕೊಂಡುಹೋಗಿ ತೂಕ ಹಾಕಿಸಿ ತರುತ್ತೇನೆ. ಮಧ್ಯಾಹ್ನಕ್ಕೆ ಬಾಳೆಎಲೆಯಲ್ಲಿ ಕಟ್ಟಿದ ಪುಳಿಯೋಗರೆ. ಎಲೆಯೂ ಕೆಳಗೆ ಬರುತ್ತದೆ, ತೋಟದ ಹಸುವಿಗೆ.

ಮೊದಲು ಸ್ಟೀಲ್ ಡಬ್ಬಗಳನ್ನೇ ಕೊಂಡಿದ್ದೆ, ಒಂದಕ್ಕೆ ₹180ರ ಹಾಗೆ. ಭಾರ ಜಾಸ್ತಿ, ಬ್ಯಾಗಲ್ಲಿ ಗಡಗಡ ಸದ್ದು, ಅರ್ಧಕ್ಕರ್ಧ ವಾಪಸ್ ಬರಲೇ ಇಲ್ಲ. ಈಗ ಹಳೇ ಪಂಚೆ ಬಟ್ಟೆಯಲ್ಲಿ ದರ್ಜಿ ಹತ್ತಿರ ಲಾಡಿ ಚೀಲ ಹೊಲಿಸಿದ್ದೇನೆ. ₹25ಕ್ಕೆ ಒಂದು. ನೀರಿನ ಬಾಟಲಿಗೆ ಇನ್ನೂ ಸುಲಭ: ಹಳೆಯದೇ ಇರಲಿ, ಮಾರ್ಕರ್‌ನಲ್ಲಿ ದೊಡ್ಡದಾಗಿ ಅವರವರ ಹೆಸರು ಬರೆಸುವುದು. ಹೆಸರು ಬರೆದ ಬಾಟಲಿಯನ್ನು ಯಾರೂ ಎಸೆದಿದ್ದು ನಾನು ನೋಡಿಲ್ಲ.

ನಾನು ಎಣಿಸದ ಲಾಭವೊಂದು ಸಿಕ್ಕಿತು. ಮುಂಚೆ ಅವರವರ ಪ್ಯಾಕೆಟ್ ಅವರವರ ಹತ್ತಿರ ಇದ್ದಾಗ ಹಸಿವಾದಲ್ಲಿ ಕೂರುತ್ತಿದ್ದರು. ಮುಂದಿನವನಿಗೂ ಕೊನೆಯವನಿಗೂ ಒಂದು ಕಿಲೋಮೀಟರ್ ಅಂತರ. ಈಗ ಚೀಲಗಳು ಮೂರ್ನಾಲ್ಕು ಜನರ ಹತ್ತಿರ ಇರುತ್ತವೆ. ತಿನ್ನಬೇಕಾದರೆ ಎಲ್ಲರೂ ಒಟ್ಟಿಗೆ ನಿಲ್ಲಲೇಬೇಕು. ಕೊನೆಯವರು ಬಂದ ಮೇಲೇ ಚೀಲ ಬಿಚ್ಚುವುದು. ನಿಧಾನಕ್ಕೆ ನಡೆಯುವವರಿಗೆ ಉಸಿರು ಬರುತ್ತದೆ, ಅವಮಾನವೂ ಆಗುವುದಿಲ್ಲ. ಚೆಕ್‌ಪೋಸ್ಟ್‌ನಲ್ಲಿ ಬೇರೆ ಗುಂಪಿನವರು ಪ್ಲಾಸ್ಟಿಕ್ ಲೆಕ್ಕ ಕೊಡುತ್ತಾ ಅರ್ಧ ಗಂಟೆ ನಿಂತಿರುತ್ತಾರೆ. ನಾವು ಹತ್ತು ನಿಮಿಷದಲ್ಲಿ ಆಚೆ. ಗಿರಿಗದ್ದೆ ದಾಟಿದ ಮೇಲೆ ಬರೀ ಹುಲ್ಲುಗಾವಲು, ನೆರಳೇ ಇಲ್ಲ. ಆ ಇಪ್ಪತ್ತು ನಿಮಿಷ ಎಷ್ಟು ಬೆಲೆಬಾಳುತ್ತದೆ ಅಂತ ಹತ್ತಿದವರಿಗೆ ಗೊತ್ತು. ತುದಿ ಸಿಗಲಿ ಬಿಡಲಿ, ಮಧ್ಯಾಹ್ನ ಒಂದಕ್ಕೆ ವಾಪಸ್ ತಿರುಗುತ್ತೇವೆ. ಇದರಲ್ಲಿ ಚೌಕಾಸಿ ಇಲ್ಲ. ಜನವರಿಯಿಂದ ಹುಲ್ಲು ಒಣಗಿರುತ್ತದೆ, ಹಾಗಾಗಿ ಬೆಂಕಿಪೊಟ್ಟಣ, ಲೈಟರ್ ಕೂಡ ಚಾಪೆಯ ಮೇಲೇ ಉಳಿಯುತ್ತವೆ. ಬ್ಲೂಟೂತ್ ಸ್ಪೀಕರ್ ಸಹ. ಅದನ್ನು ಜಗಳವಿಲ್ಲದೆ ಕೊಡಿಸಿಕೊಳ್ಳಲು ನಾನು ಹೇಳುವ ಒಂದು ಮಾತಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಕೆಲಸ ಮಾಡಲ್ಲ.

"ಕಿತ್ತಳೆ ಸಿಪ್ಪೆ ತಾನೇ, ಮಣ್ಣಾಗುತ್ತೆ" ಅಂತ ಎಲ್ಲರೂ ಹೇಳುತ್ತಾರಲ್ವಾ? ಪರೀಕ್ಷೆ ಮಾಡಿದೆ. ಡಿಸೆಂಬರ್‌ನಲ್ಲಿ ತೋಟದ ಬಯಲಿನಲ್ಲಿ ಸೊಳ್ಳೆಪರದೆಯ ತುಂಡಿನಲ್ಲಿ ಸಿಪ್ಪೆ ಕಟ್ಟಿ ಕಲ್ಲಿಟ್ಟೆ. ಪಕ್ಕದಲ್ಲಿ ಒಂದು ವೆಟ್ ವೈಪ್, ಅಂದರೆ ಮುಖ, ಕೈ ಒರೆಸಿಕೊಳ್ಳುವ ಒದ್ದೆ ಹಾಳೆ. ಸುಮಾರು ಮೂರು ತಿಂಗಳಾದ ಮೇಲೆ ಸಿಪ್ಪೆ ಕಂದು ಬಣ್ಣಕ್ಕೆ ತಿರುಗಿ ಚಕ್ಕೆ ಥರ ಗಟ್ಟಿಯಾಗಿ ಹಾಗೇ ಇತ್ತು. ವೈಪ್ ಅಂತೂ ತೊಳೆದರೆ ಮತ್ತೆ ಬಳಸಬಹುದು ಅನ್ನುವ ಹಾಗಿತ್ತು. ಎಷ್ಟೋ ವೈಪ್‌ಗಳಲ್ಲಿ ಪ್ಲಾಸ್ಟಿಕ್ ನಾರು ಇರುತ್ತದೆ. ವೈಪ್ ಪೂರ್ತಿ ಬಂದ್. ಬದಲಿಗೆ ಒದ್ದೆ ಮಾಡಿದ ಹತ್ತಿ ಕರ್ಚೀಫು.

ಬಹಿರ್ದೆಸೆ ವಿಷಯವನ್ನು ಸಂಕೋಚವಿಲ್ಲದೆ ಹೇಳಲೇಬೇಕು. ಗುಂಪಿಗೆ ಎರಡು ಕೈಗುದ್ದಲಿ. ನೀರಿನಿಂದ ಎಪ್ಪತ್ತು ಎಂಬತ್ತು ಹೆಜ್ಜೆ ದೂರ, ಒಂದು ಗೇಣು ಆಳ, ಮಣ್ಣು ಮುಚ್ಚಬೇಕು. ಮೇಲಿನ ತೊರೆಯ ನೀರನ್ನೇ ಕೆಳಗಿನವರು ಕುಡಿಯುವುದು. ಪೇಪರ್ ಮಾತ್ರ ಹೂಳುವ ಹಾಗಿಲ್ಲ, ಅದು ಡಬ್ಬಕ್ಕೆ. ಹೆಣ್ಣುಮಕ್ಕಳಿಗೆ ಬಳಸಿದ ಪ್ಯಾಡ್ ಹಾಕಿಡಲು, ಒಳಗೆ ಏನಿದೆ ಅಂತ ಹೊರಗಿನವರಿಗೆ ಕಾಣದ ಸಣ್ಣ ಸ್ಟೀಲ್ ಡಬ್ಬ. ಅದನ್ನು ನಮ್ಮ ತಂಡದ ಅಕ್ಕ ಒಬ್ಬರು ಹಿಂದಿನ ರಾತ್ರಿಯೇ ಪ್ರತ್ಯೇಕವಾಗಿ ಕೊಡುತ್ತಾರೆ. ವಾಸನೆ ಬಾರದ ಹಾಗೆ ತಳಕ್ಕೆ ಒಂದು ಪುಡಿ ಹಾಕುತ್ತೇವೆ, ಅಕ್ಕನದೇ ಉಪಾಯ, ನಾನು ಹೇಳುವ ಹಾಗಿಲ್ಲ. ಈ ಡಬ್ಬ ಬಂದ ಮೇಲೆ ಹೆಣ್ಣುಮಕ್ಕಳ ಬುಕಿಂಗ್ ಕಣ್ಣಿಗೆ ಕಾಣುವಷ್ಟು ಏರಿದೆ.

ದುಡ್ಡಿನ ಲೆಕ್ಕ ಹೀಗೆ. ಮುಂಚೆ ಮೂವತ್ತು ಜನರನ್ನು ಒಯ್ಯುತ್ತಿದ್ದೆ, ಈಗ ಹದಿನಾರಕ್ಕೆ ನಿಲ್ಲಿಸಿದ್ದೇನೆ. ತಲೆಗೆ ₹3,200 ಇದ್ದದ್ದು ₹3,900 ಮಾಡಿದೆ. ಮೊದಲ ಕೆಲವು ಸಲ ಕೈಯಿಂದಲೇ ಹೋಯಿತು. ಆಮೇಲೆ ಮಕ್ಕಳನ್ನು ಕರೆದುಕೊಂಡು ಬರುವ ಅಪ್ಪ ಅಮ್ಮಂದಿರು ಶುರುವಾದರು, ಅವರೇ ಇನ್ನೊಂದು ಮನೆಯವರನ್ನು ಕರೆತಂದರು. ಈಗ ಒಂದು ಸಲಕ್ಕೆ ಮುಂಚಿಗಿಂತ ಸ್ವಲ್ಪ ಕಡಿಮೆ ಉಳಿಯುತ್ತದೆ, ಆದರೆ ಖಾಲಿ ಸೀಟು ಇಲ್ಲ, ಗೋಣಿಚೀಲದ ಖರ್ಚೂ ಇಲ್ಲ. ಬೇಡ ಅಂದ ಗೆಳೆಯರಲ್ಲೇ ಇಬ್ಬರು ಚೀಲದ ಅಳತೆ ಕೇಳಿ ಫೋನ್ ಮಾಡಿದ್ದರು. ಒಂದು ಮೊಳ ಉದ್ದ, ಅರ್ಧ ಮೊಳ ಅಗಲ, ಲಾಡಿ ಎರಡೂ ಕಡೆಯಿಂದ ಎಳೆಯುವ ಹಾಗೆ ಇರಲಿ. ಹೊಸ ಬಟ್ಟೆಯಾದರೆ ಎರಡು ಸಲ ಒಗೆದು ಗಂಜಿ ತೆಗೆದ ಮೇಲೆ ಹೊಲಿಸಿ, ಇಲ್ಲದಿದ್ದರೆ ನಿಪ್ಪಟ್ಟಿಗೆ ಬಟ್ಟೆಯ ವಾಸನೆ ಹಿಡಿಯುತ್ತದೆ.