ತೋಟದ ಮಳೆ ಪುಸ್ತಕ, ಇಲಾಖೆಯ ಅಂಕಿ: ಒಂದೇ ಪಟ್ಟಿಗೆ ತಂದ ಬಗೆ

ಕಾಫಿ ತೋಟದ ಮನೆಗಳಲ್ಲಿ ದಿನದ ಮಳೆ ಅಳೆದು ಬರೆಯುವ ಮಳೆ ಪುಸ್ತಕ ಇಡುವುದು ಹಳೇ ರೂಢಿ. ಕೊಡಗು, ಚಿಕ್ಕಮಗಳೂರು ಕಡೆಯ ಕೆಲವು ತೋಟಗಳ ಪುಸ್ತಕ, ಹವಾಮಾನ ಇಲಾಖೆಯ ದಾಖಲೆ, ಸ್ವಯಂಚಾಲಿತ ಮಳೆಮಾಪಕದ ಅಂಕಿ, ಈ ಮೂರನ್ನೂ ನಾನು ಒಂದೇ ಪಟ್ಟಿಗೆ ತಂದೆ.

ತೋಟದವರ ಲೆಕ್ಕ ಇಂಚು, ಸೆಂಟ್‌ನಲ್ಲಿ. ನೂರು ಸೆಂಟ್‌ಗೆ ಒಂದು ಇಂಚು, ಅಂದರೆ 25.4 ಮಿ.ಮೀ. ಪುಸ್ತಕದಲ್ಲಿ ‘1-5’ ಅಂತಿದ್ದರೆ ಒಂದು ಇಂಚು ಐದು ಸೆಂಟ್, 26.67 ಮಿ.ಮೀ. ಒಂದೂವರೆ ಇಂಚು ಅಂತ ಓದಿದರೆ 38.1 ಆಗಿಬಿಡುತ್ತದೆ. ಎಕ್ಸೆಲ್ ಅಂತೂ ಅದನ್ನು ತಾರೀಕು ಅಂದುಕೊಳ್ಳುತ್ತದೆ. ಹಾಗಾಗಿ ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿ, ಪುಸ್ತಕದಲ್ಲಿ ಇದ್ದ ಹಾಗೇ ಬರೆದು, ಮಿಲಿಮೀಟರ್ ಲೆಕ್ಕವನ್ನು ಪಕ್ಕದ ಕಾಲಂನಲ್ಲಿ ಇಟ್ಟೆ.

ಜಾಸ್ತಿ ಹೊತ್ತು ತಿಂದಿದ್ದು ತಾರೀಕು. ಹವಾಮಾನ ಇಲಾಖೆಯ ಪ್ರಕಾರ ಇವತ್ತಿನ ಮಳೆ ಅಂದರೆ ನಿನ್ನೆ ಬೆಳಿಗ್ಗೆ 8.30ರಿಂದ ಇವತ್ತು ಬೆಳಿಗ್ಗೆ 8.30ರವರೆಗೆ ಬಿದ್ದದ್ದು. ತೋಟದಲ್ಲೂ ಅಳೆಯುವುದು ಬೆಳಿಗ್ಗೆಯೇ. ಆದರೆ ರಾತ್ರಿ ಸುರಿದದ್ದು ನಿನ್ನೆಯ ಮಳೆಯೇ ಅಲ್ವಾ ಅಂತ ಹಲವರು ಹಿಂದಿನ ದಿನದ ಎದುರು ಬರೆಯುತ್ತಾರೆ. ಅವರ ಲೆಕ್ಕ ತಪ್ಪಲ್ಲ, ಬೇರೆ ಅಷ್ಟೇ. ಸುಮ್ನೆ ಜೋಡಿಸಿದರೆ ಒಂದೇ ಮಳೆ ಒಂದು ಕಡೆ ಜುಲೈ 31ಕ್ಕೆ, ಇನ್ನೊಂದು ಕಡೆ ಆಗಸ್ಟ್ 1ಕ್ಕೆ ಬಂದು ತಿಂಗಳ ಮೊತ್ತವೇ ಕೆಡುತ್ತದೆ. ಅದಕ್ಕೆ 2018ರ ಆಗಸ್ಟ್‌ನ ಭಾರೀ ಮಳೆಯ ದಿನಗಳನ್ನು ಹಿಡಿದು ಪ್ರತಿ ಪುಸ್ತಕವನ್ನೂ ಇಲಾಖೆಯ ಅಂಕಿಯ ಪಕ್ಕ ಇಟ್ಟು ನೋಡಿದೆ. ಒಂದು ದಿನ ಮುಂಚೆ ಕಂಡಲ್ಲಿ ಬರೆದವರನ್ನೇ ಕೇಳಿ, ತಾರೀಕನ್ನು ಒಂದು ದಿನ ಮುಂದಕ್ಕೆ ಸರಿಸಿದೆ. ಒಂದು ಮನೆಯಲ್ಲಿ ಅಜ್ಜನ ಪದ್ಧತಿ ಒಂದು, ಮೊಮ್ಮಗನದು ಇನ್ನೊಂದು. ಕೈಬರಹ ಬದಲಾದ ಪುಟ ಹುಡುಕಿ, ಅಲ್ಲಿಂದಾಚೆ ತಾರೀಕು ಸರಿಸುವುದನ್ನು ನಿಲ್ಲಿಸಿದೆ.

ಖಾಲಿ ಬಿಟ್ಟ ಜಾಗಗಳಿಗೂ ಒಂದೇ ಅರ್ಥ ಇಲ್ಲ. ಜನವರಿಯಲ್ಲಿ ಖಾಲಿ ಅಂದರೆ ಮಳೆ ಇಲ್ಲ. ಜುಲೈಯಲ್ಲಿ ಖಾಲಿ ಇದ್ದರೆ ಮನೆಯವರು ಊರಲ್ಲಿ ಇರಲಿಲ್ಲ ಅಂತ. ಮರುದಿನದ ದೊಡ್ಡ ಅಂಕಿಯಲ್ಲಿ ಎರಡು ಮೂರು ದಿನದ ನೀರು ಸೇರಿರುತ್ತದೆ. ಯಂತ್ರದ್ದು ಇದಕ್ಕೆ ಉಲ್ಟಾ. ಕೊಳವೆಗೆ ಎಲೆ ಸಿಕ್ಕಿಕೊಂಡರೂ ಅದು ಸೊನ್ನೆ ಅಂತಲೇ ಕಳಿಸುತ್ತದೆ.

ಅನುಮಾನ ಇರುವ ದಿನಗಳಿಗೆ ಬೇರೆ ಗುರುತು ಹಾಕಿದ್ದೇನೆ. ಪಕ್ಕದ ತೋಟದ ಅಂಕಿಯನ್ನು ಅಲ್ಲಿ ತುಂಬಿಲ್ಲ. ಕಾಫಿ ಹೂ ಅರಳಿಸುವ ಮಾರ್ಚ್‌ನ ಹೂಮಳೆ ಗುಡ್ಡದ ಈಚೆ ಒಂದು ಇಂಚು ಬಿದ್ದರೆ ಆಚೆ ಹನಿಯೂ ಇಲ್ಲದಿರುವುದು ಮಲೆನಾಡಿನಲ್ಲಿ ಮಾಮೂಲಿ.