ಸಲಮಾಂಕಾದ ಊಟದ ಮೇಜಿನಲ್ಲಿ ಕಲಿತ ಸ್ಪ್ಯಾನಿಶ್

ಸ್ಪ್ಯಾನಿಶ್ ಕಲಿಯಲು ಸ್ಪೇನ್‌ನ ಸಲಮಾಂಕಾಕ್ಕೆ ಹೊರಟಾಗ ನಾನು ಶಾಲೆಗಿಂತ ಹೆಚ್ಚು ವಿಚಾರಿಸಿದ್ದು ಉಳಿಯುವ ಮನೆಯ ಬಗ್ಗೆ. ಅಲ್ಲಿ ಒಳ್ಳೆಯ ಪಾಠಕ್ಕೇನೂ ಕೊರತೆಯಿಲ್ಲ. 1218ರಿಂದ ನಡೆಯುತ್ತಿರುವ ವಿಶ್ವವಿದ್ಯಾಲಯವಿದೆ; ಸ್ಪ್ಯಾನಿಶ್ ಭಾಷೆಯ ಮೊದಲ ವ್ಯಾಕರಣ 1492ರಲ್ಲಿ ಅಚ್ಚಾದದ್ದೂ ಆ ಊರಲ್ಲೇ. ಆದರೆ ತರಗತಿ ಬಿಟ್ಟ ಕೂಡಲೇ ಹೊರದೇಶದ ಹುಡುಗರೆಲ್ಲ ಇಂಗ್ಲಿಷಿಗೆ ಇಳಿದುಬಿಡುತ್ತಾರೆ. ಅದಕ್ಕೇ ಎರಡು ಷರತ್ತು ಹಾಕಿದ್ದೆ: ಮನೆಯಲ್ಲಿ ಬೇರೆ ವಿದ್ಯಾರ್ಥಿ ಇರಬಾರದು, ಮೂರು ಹೊತ್ತೂ ಊಟ ಅಲ್ಲೇ ಆಗಬೇಕು. ತಿಂಡಿಯ ಜೊತೆ ಒಂದೇ ಊಟ ಕೊಡುವ ‘ಮೆದಿಯಾ ಪೆನ್ಸಿಯೋನ್’ ವ್ಯವಸ್ಥೆಗೆ ದುಡ್ಡು ಕಡಿಮೆ. ಆದರೆ ಅವರ ದೊಡ್ಡ ಊಟ ಮಧ್ಯಾಹ್ನದ್ದು, ಅದನ್ನು ಬಿಟ್ಟವರಿಗೆ ಮನೆಯ ಮಾತು ಅರ್ಧ ಸಿಗುವುದಿಲ್ಲ.

ಊಟ ಶುರುವಾಗುತ್ತಿದ್ದುದು ಎರಡು ಗಂಟೆಯ ಮೇಲೆ. ಮೂರಕ್ಕೆ ಟಿವಿಯಲ್ಲಿ ವಾರ್ತೆ. ತಟ್ಟೆ ಖಾಲಿಯಾದರೂ ಯಾರೂ ಏಳುವುದಿಲ್ಲ; ಕಾಫಿ ಕುಡಿಯುತ್ತ ಮಾತು ಸಾಗುತ್ತಲೇ ಇರುತ್ತದೆ. ಈ ಹರಟೆಗೆ ಅವರು ‘ಸೊಬ್ರೆಮೇಸಾ’ ಅನ್ನುತ್ತಾರೆ. ಮೊದಮೊದಲು ನನಗೆ ಎಲ್ಲರ ಮಾತೂ ಒಂದೇ ಉಸಿರಿನ ಹಾಗೆ ಕೇಳುತ್ತಿತ್ತು. ಆಗ ಆಸರೆಯಾದದ್ದು ಅಡುಗೆಮನೆ. ಊಟಕ್ಕೆ ಮುಂಚೆಯೇ ಹೋಗಿ ಮನೆಯೊಡತಿಯ ಜೊತೆ ಆಲೂಗಡ್ಡೆ ಸುಲಿಯುತ್ತಿದ್ದೆ, ಆಮೇಲೆ ಪಾತ್ರೆ ಒರೆಸುತ್ತಿದ್ದೆ. ಕೈಗೆ ಕೆಲಸವಿದ್ದರೆ ಉತ್ತರಕ್ಕೆ ತಡವರಿಸಿದರೂ ಮುಜುಗರವಾಗುವುದಿಲ್ಲ. ಒಮ್ಮೆ ಆಲೂಗಡ್ಡೆ ತೊರ್ತಿಯಾಗೆ (ಮೊಟ್ಟೆಯ ದಪ್ಪ ಆಮ್ಲೆಟ್) ಈರುಳ್ಳಿ ಹಾಕಬೇಕೋ ಬೇಡವೋ ಎಂದು ಆಕೆಗೂ ಆಕೆಯ ಮೈದುನನಿಗೂ ಜೋರು ವಾದವಾಯಿತು. ಸ್ಪೇನಿನಲ್ಲಿ ಇದು ಮುಗಿಯದ ಜಗಳ. ನಾನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಿದ ಮೊದಲ ಸಂಭಾಷಣೆ ಅದೇ. ಅವತ್ತಿನ ಖುಷಿ ಈಗಲೂ ನೆನಪಿದೆ.

ಭೂತಕಾಲಕ್ಕೆ ಒಂದು ಉಪಾಯ ಮಾಡಿಕೊಂಡೆ. ಸ್ಪೇನಿನ ಹೆಚ್ಚಿನ ಕಡೆ ಇವತ್ತು ನಡೆದದ್ದಕ್ಕೆ ಒಂದು ರೂಪ, ನಿನ್ನೆ ನಡೆದದ್ದಕ್ಕೆ ಇನ್ನೊಂದು. ರಾತ್ರಿ ಒಂಬತ್ತೂವರೆಯ ಊಟಕ್ಕೆ ಕೂತಾಗ ‘ಓಯ್ ಎ ಇದೊ ಅಲ್ ಮೆರ್ಕಾದೊ’, ಇವತ್ತು ಮಾರುಕಟ್ಟೆಗೆ ಹೋಗಿದ್ದೆ, ಎಂದು ದಿನದ ಕಥೆ ಹೇಳುತ್ತಿದ್ದೆ. ಮರುದಿನ ಮಧ್ಯಾಹ್ನ ಅದೇ ಕಥೆಯನ್ನು ಮನೆಯ ಇನ್ನೊಬ್ಬರಿಗೆ ‘ಅಯೆರ್ ಫುಯಿ’ ಎಂದು ಶುರುಮಾಡಿ ಒಪ್ಪಿಸುತ್ತಿದ್ದೆ. ತಪ್ಪಿದ್ದರೆ ತಡೆದು ತಿದ್ದಿ ಎಂದು ಮೊದಲೇ ಕೇಳಿಕೊಂಡಿದ್ದೆ. ಕೇಳದಿದ್ದರೆ ಅವರು ಸೌಜನ್ಯಕ್ಕೆ ಸುಮ್ಮನಿದ್ದುಬಿಡುತ್ತಾರೆ.

ಕನ್ನಡದವರಿಗೆ ಇಲ್ಲಿ ನಿಜವಾದ ಅನುಕೂಲವಿದೆ. ‘ಬಂದೆ’ ಅಂದರೆ ‘ನಾನು’ ಬೇಕಿಲ್ಲ. ಅವರ ‘ಬಿನೆ’ಗೂ ಬೇಕಿಲ್ಲ. ‘ಮೆ ಗುಸ್ತಾ’ದ ಕಟ್ಟು ನಮ್ಮ ‘ನನಗೆ ಇಷ್ಟ’ದ್ದೇ. ಇಂಗ್ಲಿಷ್ ಮಾತೃಭಾಷೆಯ ಸಹಪಾಠಿಗಳು ಇದರಲ್ಲಿ ಒದ್ದಾಡುತ್ತಿದ್ದರು. ಹಾಗಾಗಿ ಮನಸ್ಸಿನಲ್ಲಿ ಇಂಗ್ಲಿಷಿನ ಮೂಲಕ ಹೋಗದೆ ಕನ್ನಡದಿಂದಲೇ ಹೋಗಿ ಎನ್ನುತ್ತೇನೆ. ಹಿರಿಯರನ್ನು ‘ತು’, ಅಂದರೆ ‘ನೀನು’, ಎಂದು ಕರೆಯುವುದು ಮಾತ್ರ ನನಗೆ ಬಲು ಕಷ್ಟವಾಯಿತು. ನಾನು ‘ಉಸ್ತೆದ್’ ಎಂದು ನಮ್ಮ ‘ನೀವು’ವಿನಂಥ ಗೌರವ ತೋರಿಸಹೋದರೆ ಮನೆಯೊಡತಿಗೆ ತಾನು ಹೊರಗಿನವಳಾದಂತೆ ಅನಿಸುತ್ತಿತ್ತು.

ಸಸ್ಯಾಹಾರಿಗಳಿಗೆ ಒಂದು ಮಾತು: ‘ಮಾಂಸ ಬೇಡ’ ಎಂದರೆ ಸಾಲದು. ಹಾಮೋನ್ (ಉಪ್ಪು ಹಾಕಿ ಒಣಗಿಸಿದ ಹಂದಿ ತೊಡೆ), ಚೊರೀಸೊ (ಹಂದಿಮಾಂಸದ ಸಾಸೇಜ್), ಟ್ಯೂನಾ ಮೀನು, ಮೂಳೆಯ ಸಾರು, ಒಂದೊಂದನ್ನೂ ಹೆಸರಿಸಿ ಹೇಳಬೇಕು. ನಾನು ಪಟ್ಟಿ ಬರೆದುಕೊಟ್ಟ ಮೇಲೆ ಆಕೆ ಬೇಳೆಯ ‘ಲೆಂತೆಹಾಸ್’ ಅನ್ನು ನನಗಾಗಿ ಬೇರೆ ಪಾತ್ರೆಯಲ್ಲೇ ಬೇಯಿಸಿದರು.

ತರಗತಿಯಲ್ಲಿ ಎಲ್ಲರೂ ಹೆದರುವ ‘ಸುಬ್ಹುಂತಿಬೊ’ (ಹಾರೈಕೆ, ಇನ್ನೂ ನಡೆಯದ ಸಂಗತಿಗಳಿಗೆ ಬಳಸುವ ಕ್ರಿಯಾರೂಪ) ಪಾಠ ಬಂದಾಗ ಅದರ ವಾಕ್ಯಗಳು ನನ್ನ ಕಿವಿಯಲ್ಲಿ ಆಗಲೇ ಇದ್ದವು. ಊಟಕ್ಕೆ ಕೂತಾಗ ‘ಕೆ ಅಪ್ರೊಬೆಚೆ’, ಊಟ ಚೆನ್ನಾಗಿ ಆಗಲಿ; ಮಲಗುವ ಮುಂಚೆ ‘ಕೆ ದೆಸ್ಕಾನ್ಸೆಸ್’, ಚೆನ್ನಾಗಿ ವಿಶ್ರಮಿಸು; ಹೊರಗೆ ಹೊರಟರೆ ‘ಕ್ವಾಂದೊ ಯೇಗೆಸ್, ಅಬೀಸಮೆ’, ತಲುಪಿದ ಮೇಲೆ ತಿಳಿಸು. ಆ ರೂಪಗಳ ಕೋಷ್ಟಕವನ್ನು ಶಿಕ್ಷಕಿ ಹಲಗೆಯ ಮೇಲೆ ಬರೆಯುತ್ತಿದ್ದರೆ ನನಗೆ ಮನೆಯೊಡತಿಯ ದನಿಯಲ್ಲೇ ಅವು ಕೇಳಿಸುತ್ತಿದ್ದವು.