ಅಂಚೆ ಮತಗಳ ಮೇಜಿನಲ್ಲಿ ಒಂದು ಬೆಳಿಗ್ಗೆ

2023ರ ಮೇ 13ರಂದು ವಿಧಾನಸಭೆ ಚುನಾವಣೆಯ ಎಣಿಕೆಗೆ ನನ್ನನ್ನು ಅಂಚೆ ಮತಪತ್ರಗಳ ಮೇಜಿಗೆ ಹಾಕಿದ್ದರು. ಚುನಾವಣಾ ಕೆಲಸದ ನೌಕರರಂಥವರು ತಮ್ಮ ಮತಗಟ್ಟೆಗೆ ಹೋಗಲಾಗದೆ ಹಾಕಿದ ಮತಗಳು ಇವು. ‘ನಿಮಗೇನು, ಅರ್ಧ ಗಂಟೆಯ ಕೆಲಸ’ ಎಂದರು ಜೊತೆಯ ಮೇಷ್ಟ್ರುಗಳು. ಮತಯಂತ್ರ ಗುಂಡಿ ಒತ್ತಿದರೆ ಲೆಕ್ಕ ಹೇಳುತ್ತದೆ. ನಮ್ಮ ಮೇಜಿನಲ್ಲಿ ಒಂದೊಂದು ಮತವನ್ನೂ ಎರಡೆರಡು ಲಕೋಟೆಯಿಂದ ಬಿಡಿಸಬೇಕು.

ಬೆಳಿಗ್ಗೆ 8ರೊಳಗೆ ಚುನಾವಣಾಧಿಕಾರಿಯ ಕೈಸೇರಿದವು ಮಾತ್ರ ಎಣಿಕೆಗೆ. ತಡವಾದವನ್ನು ತೆರೆಯದೆ ಕಟ್ಟಿಡುತ್ತಾರೆ.

ಹೊರಗಿನ ದೊಡ್ಡ ಲಕೋಟೆ ನಮೂನೆ 13ಸಿ. ಅದರೊಳಗೆ, ಮತಪತ್ರ ತನಗೇ ಕೊಟ್ಟದ್ದೆಂದು ಮತದಾರರು ಹೆಸರು ಸಹಿತ ಬರೆದುಕೊಡುವ 13ಎ ಎಂಬ ಘೋಷಣಾ ಪತ್ರ ಬಿಡಿಯಾಗಿ ಇರಬೇಕು. ಮತಪತ್ರವಿಟ್ಟು ಅಂಟಿಸಿದ ಸಣ್ಣ ಲಕೋಟೆ, ಅಂದರೆ 13ಬಿ, ಅದರ ಜೊತೆಗಿರಬೇಕು. ಮೊದಲು ಘೋಷಣೆಯ ಪರಿಶೀಲನೆ. ಮತದಾರರ ಸಹಿ, ದೃಢೀಕರಿಸಿದ ಅಧಿಕಾರಿಯ ಸಹಿ, ಮತಪತ್ರದ ಕ್ರಮಸಂಖ್ಯೆ ಘೋಷಣೆಯಲ್ಲೂ ಸಣ್ಣ ಲಕೋಟೆಯ ಮೇಲೂ ತಾಳೆಯಾಗುವುದು. ಇವುಗಳಲ್ಲಿ ಒಂದು ತಪ್ಪಿದರೂ ಸಣ್ಣ ಲಕೋಟೆಯನ್ನು ಮುಟ್ಟುವಂತಿಲ್ಲ.

ಹತ್ತನೆಯದೋ ಹನ್ನೆರಡನೆಯದೋ ಲಕೋಟೆಯಲ್ಲಿ ಘೋಷಣೆಯೇ ಸಿಗಲಿಲ್ಲ. ಸಣ್ಣ ಲಕೋಟೆ ಮಾತ್ರ ಉಬ್ಬಿಕೊಂಡಿತ್ತು. ಒತ್ತಿದರೆ ಒಳಗೆ ಇನ್ನೊಂದು ಕಾಗದದ ಮಡಿಕೆ ಬೆರಳಿಗೆ ತಾಗುತ್ತಿತ್ತು. ‘ಒಳಗೇ ಇದೆ ಸಾರ್, ತೆಗೆದು ನೋಡಿ’ ಎಂದು ಅಭ್ಯರ್ಥಿಯ ಏಜೆಂಟರೊಬ್ಬರು ಪಟ್ಟು ಹಿಡಿದರು. ಇದೆಯೆಂದು ನನಗೂ ಗೊತ್ತು. ಆದರೆ ತೆರೆದರೆ ಹೆಸರು, ಮತ ಎರಡೂ ಒಟ್ಟಿಗೆ ಹೊರಬೀಳುತ್ತವೆ. ಸಹಾಯಕ ಚುನಾವಣಾಧಿಕಾರಿ ಮಾತಿಲ್ಲದೆ ‘ತಿರಸ್ಕೃತ’ ಎಂದು ಬರೆದರು.

ಸರಿಯಿದ್ದ ಘೋಷಣೆಗಳನ್ನೆಲ್ಲ ಪ್ರತ್ಯೇಕ ಕಟ್ಟು ಮಾಡಿ ಮೊಹರು ಹಾಕಿದ ಮೇಲೆಯೇ ಸಣ್ಣ ಲಕೋಟೆಗಳಿಗೆ ಕೈ ಹಾಕುವುದು. ಹೆಸರುಗಳು ಮೇಜಿನಿಂದ ಎದ್ದುಹೋದ ಮೇಲೆ ಮತಗಳು ಬರುತ್ತವೆ. ಇಡೀ ನಿಯಮಾವಳಿಯಲ್ಲಿ ನನಗೆ ತುಂಬ ಹಿಡಿಸಿದ್ದು ಈ ಕ್ರಮ.

ಮತ ಗುರುತಿನ ವಿಷಯದಲ್ಲಿ ನಿಯಮ ಉದಾರಿ. ಗುರುತು ಸೊಟ್ಟಗಿದ್ದರೂ ಯಾರಿಗೆ ಹಾಕಿದ್ದೆಂಬುದು ಸ್ಪಷ್ಟವಾಗಿದ್ದರೆ ಸಾಕು. ಆದರೆ ಒಬ್ಬರು ಮತಪತ್ರದ ಕೆಳಗೆ ಅಚ್ಚುಕಟ್ಟಾಗಿ ಸಹಿ ಮಾಡಿದ್ದರು! ಮತದಾರರ ಗುರುತು ಸಿಕ್ಕಂತಾಯಿತು, ಮತ ಹೋಯಿತು. ಕಂಡ ಕಾಗದಕ್ಕೆಲ್ಲ ಸಹಿ ಹಾಕುವ ನಮ್ಮ ಸರ್ಕಾರಿ ಕೈಯೇ ಇರಬೇಕು. ಆ ಸಲ 80 ದಾಟಿದವರು ಮನೆಯಲ್ಲೇ ಕುಳಿತು ಹಾಕಿದ ಮತಗಳೂ ನಮ್ಮ ಮೇಜಿಗೆ ಬಂದಿದ್ದವು; ಅವುಗಳಲ್ಲಿ ಒಂದೂ ತಿರಸ್ಕಾರವಾಗಲಿಲ್ಲ. ಕೆಟ್ಟವೆಲ್ಲ ಚುನಾವಣಾ ತರಬೇತಿ ಪಡೆದ ನೌಕರರವೇ.

ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳಿಗಿಂತ ಕಡಿಮೆಯಾದರೆ ಅವನ್ನೆಲ್ಲ ಮತ್ತೆ ಪರಿಶೀಲಿಸಬೇಕು. ಅದೇ ದಿನ ಬೆಂಗಳೂರಿನ ಜಯನಗರ ಕ್ಷೇತ್ರದ ಫಲಿತಾಂಶ 16 ಮತಗಳ ಅಂತರಕ್ಕೆ ಬಂದು, ತಿರಸ್ಕೃತ ಅಂಚೆ ಮತಗಳ ಸುತ್ತ ರಾತ್ರಿಯವರೆಗೆ ಜಗಳ ನಡೆಯಿತು. ನಮ್ಮಲ್ಲಿ ಅಂತರ ಸಾವಿರಗಳಲ್ಲಿತ್ತು. ಆ ಕಟ್ಟನ್ನು ಯಾರೂ ಮತ್ತೆ ಕೇಳಲಿಲ್ಲ.

2024ರ ಲೋಕಸಭೆ ಚುನಾವಣೆಯಲ್ಲಿ ನನಗೆ ಬೇರೆ ಕ್ಷೇತ್ರದ ಕೆಲಸ ಬಿತ್ತು. ಚುನಾವಣಾ ಸಿಬ್ಬಂದಿ ಅಂಚೆ ಮತ ಹಾಕುವ ಸೌಲಭ್ಯ ಕೇಂದ್ರದಲ್ಲಿ ಮತ ಹಾಕಿ, ಸಣ್ಣ ಲಕೋಟೆಯನ್ನು ಅಂಟಿಸಿದವನು ಅದನ್ನು ಹೆಬ್ಬೆರಳಿನಿಂದ ಎರಡು ಸಲ ಒತ್ತಿ ನೋಡಿದೆ. ಘೋಷಣಾ ಪತ್ರ ಇನ್ನೊಂದು ಕೈಯಲ್ಲೇ ಇತ್ತು.